ಚಿಕ್ಕಮ್ಮನ ಕೈಯ ಕೆಂಪು ಪಟ್ಟಿ

ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಆಮೇಲೆ ಡಾಕ್ಟರು' ಎಂದೇ. ಹೆತ್ತವರು ಇಟ್ಟ ಹೆಸರು ಬಿಳಿ ಕೋಟಿನ ಬಿಲ್ಲೆಯ ಮೇಲೆ ಇತ್ತು, ಇಲ್ಲವೆನ್ನುವುದಿಲ್ಲ, ಆದರೆ ಅದನ್ನು ಓದುವ ಪುರುಸೊತ್ತು ಅಲ್ಲಿ ಯಾರಿಗಿದೆ? ನರ್ಸುಗಳು, ಸ್ಟ್ರೆಚರ್ ತಳ್ಳುವವರು, ಆಂಬುಲೆನ್ಸ್ ಚಾಲಕರು, ಎಲ್ಲರ ಬಾಯಲ್ಲೂ ಅವಳು ಆಮೇಲೆ ಡಾಕ್ಟರೇ. "ಇವತ್ತು ಆಮೇಲೆ ಡಾಕ್ಟ್ರ ಪಾಳಿನಾ? ಹಾಗಾದ್ರೆ ಊಟ ತಡ ಬಿಡಿ" ಎಂದು ಅವರು ಗೊಣಗುತ್ತಿದ್ದರು. ಗೊಣಗಿದವರೇ ತಮ್ಮ ಮಕ್ಕಳಿಗೆ ಜ್ವರ ಬಂದರೆ ಅವಳ ಪಾಳಿ ಯಾವಾಗ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ಆ ವಿಷಯ ಬೇರೆ.

ಆ ಹೆಸರು ಬಂದದ್ದು ಹೀಗೆ. ತುರ್ತು ವಿಭಾಗದೊಳಕ್ಕೆ ಯಾರೇ ಬರಲಿ, ಕಾಲು ಮುರಿದವರಿರಲಿ, ಕಣ್ಣಿಗೆ ಸೋಪು ಬಿದ್ದವರಿರಲಿ, ಬಾಗಿಲಲ್ಲೇ ಒಂದು ಪ್ರಶ್ನೆ ಕೇಳುವ ಪದ್ಧತಿ: "ಯಾವ್ದಾದ್ರೂ ಔಷಧಿ ಒಗ್ಗಲ್ವಾ ನಿಮಗೆ?" ಕಂಡಕ್ಟರು ಟಿಕೆಟ್ ಟಿಕೆಟ್ ಎನ್ನುವ ಹಾಗೆ, ಮುಖ ಕೂಡ ನೋಡದೆ. ರೋಗಿ "ಪೆನಿಸಿಲಿನ್ ಒಗ್ಗಲ್ಲ" ಎಂದನೋ, ಟಕ್ಕೆಂದು ಮಣಿಕಟ್ಟಿಗೆ ಒಂದು ಕೆಂಪು ಪ್ಲಾಸ್ಟಿಕ್ ಪಟ್ಟಿ. ಮುಗಿಯಿತು. ಅಲ್ಲಿಂದಾಚೆಗೆ ಯಾವ ಡಾಕ್ಟರೂ ಆ ಪಟ್ಟಿಯ ತಂಟೆಗೆ ಹೋಗುವುದಿಲ್ಲ. ಪೆನಿಸಿಲಿನ್ ಒಂದೇ ಅಲ್ಲ, ಅದರ ಅಣ್ಣತಮ್ಮಂದಿರು, ದಾಯಾದಿಗಳು, ಎಲ್ಲರಿಗೂ ಬಾಗಿಲು ಬಂದ್. ಆ ಕಾಯಿಲೆಗೆ ಹೇಳಿ ಮಾಡಿಸಿದ ಔಷಧಿಯನ್ನು ಬಿಟ್ಟು ಇನ್ನೊಂದನ್ನು ಬರೆಯುತ್ತಾರೆ. ಅದು ಹೊಟ್ಟೆ ತೊಳಸುತ್ತದೆ, ನಾಟಬೇಕಾದಲ್ಲಿ ಅರ್ಧಂಬರ್ಧ ನಾಟುತ್ತದೆ. ಆದರೇನು, ಬರೆದವರ ತಲೆಗೆ ಬರುವುದಿಲ್ಲವಲ್ಲ!

ಇವಳೊಬ್ಬಳು ಮಾತ್ರ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಿದ್ದಳು. "ಒಗ್ಗಲ್ಲ ಅಂದ್ರೆ ಏನಾಗಿತ್ತು? ಆಮೇಲೆ? ಸರಿ, ಆಮೇಲೆ?"

ಎಂತೆಂಥ ಕಥೆಗಳು ಹೊರಬೀಳುತ್ತಿದ್ದವು ಎನ್ನುತ್ತೀರಿ! ಒಬ್ಬರಿಗೆ ಮಾತ್ರೆ ನುಂಗಿದ ಮೇಲೆ ಹೊಟ್ಟೆ ಕೆಟ್ಟಿತ್ತು. "ಆಮೇಲೆ?" "ಆಮೇಲೆ ಸರಿಹೋಯ್ತು." ಅಷ್ಟಕ್ಕೇ ಇಪ್ಪತ್ತು ವರ್ಷದಿಂದ ಕೆಂಪು ಪಟ್ಟಿ. ಇನ್ನೊಬ್ಬಾಕೆಗೆ ಸಿರಪ್ಪು ಕಹಿಯಾಗಿತ್ತಂತೆ, ಅಷ್ಟೇ. ಒಬ್ಬ ಬಸ್ ಡ್ರೈವರು ಇನ್ನೂ ವಿಚಿತ್ರ.

"ನಮ್ಮತ್ತೆಗೆ ಆಗಲ್ಲ ಡಾಕ್ಟ್ರೇ."

"ನಿಮ್ಮತ್ತೆಗೆ ಆಗ್ದಿದ್ರೆ ನಿಮಗೇನ್ರೀ? ಅವರ ರಕ್ತ ಬೇರೆ, ನಿಮ್ಮ ರಕ್ತ ಬೇರೆ."

"ಅದನ್ನ ಅವರ ಮುಂದೆ ಹೇಳಿ ನೋಡೋಣ! ಅವರಿಗೆ ಆಗದ್ದನ್ನ ನಾನು ನುಂಗಿದ್ರೆ ಆ ಮನೇಲಿ ಬಾಳಕ್ಕಾಗುತ್ತಾ?"

ಎಲ್ಲರದ್ದೂ ಹೀಗೆ ಟೊಳ್ಳು ಎಂದುಕೊಳ್ಳಬೇಡಿ. ಒಬ್ಬ ಕ್ಷೌರಿಕ ಬಂದಿದ್ದ. ಮಾತ್ರೆ ನುಂಗಿ ನೀರಿನ ಲೋಟ ಕೆಳಗಿಡುವಷ್ಟರಲ್ಲಿ ತುಟಿ ಊದಿತ್ತು, ಉಸಿರು ಕಟ್ಟಿತ್ತು, ಕಣ್ಣು ಬಿಟ್ಟಾಗ ಸುತ್ತ ಡಾಕ್ಟರುಗಳು ನಿಂತಿದ್ದರು. ಅವನಿಗೆ ಅವಳು ಪಟ್ಟಿಯನ್ನು ಎರಡೂ ಕೈಗೆ ಹಾಕಿದಳು. "ಸ್ನಾನಕ್ಕೆ ಹೋದ್ರೂ ಬಿಚ್ಬೇಡಿ ಮಾರಾಯ್ರೇ" ಎಂದು ಗದರಿ ಕಳಿಸಿದಳು.

ಬರೀ ನೆಗಡಿಗೆ "ಒಳ್ಳೇ ಸ್ಟ್ರಾಂಗ್ ಆಂಟಿಬಯಾಟಿಕ್ ಬರ್ಕೊಡಿ" ಎಂದು ಜಗಳಕ್ಕೆ ನಿಲ್ಲುವವರ ಹತ್ತಿರವೂ ಅವಳದು ಇದೇ ತಾಳ್ಮೆ. "ಇದು ವೈರಸ್ಸು. ಆಂಟಿಬಯಾಟಿಕ್ ಬಂದ್ರೆ ಅದು ಕ್ಯಾರೇ ಅನ್ನಲ್ಲ. ಸುಮ್ನೆ ನುಂಗಿದ್ರೆ ನಾಳೆ ನಿಜವಾಗ್ಲೂ ಬೇಕಾದಾಗ ಔಷಧಿ ಕೈಕೊಡುತ್ತೆ. ಬಿಸಿನೀರು ಕುಡೀರಿ, ಮಲಕ್ಕೊಳ್ಳಿ" ಎನ್ನುತ್ತಿದ್ದಳು. ಬೈದುಕೊಂಡು ಹೋದವರೂ ಇದ್ದಾರೆ, ಮೂರು ದಿನ ಬಿಟ್ಟು ಮೂಗು ಬಿಟ್ಟುಕೊಂಡ ಮೇಲೆ ಬಂದು ನಕ್ಕು ಹೋದವರೂ ಇದ್ದಾರೆ.

ಈ ನಡುವೆ ಆಸ್ಪತ್ರೆಯವರು ತುರ್ತು ವಿಭಾಗದ ಡಾಕ್ಟರುಗಳಿಗೆಲ್ಲ ಒಂದು ಪರೀಕ್ಷೆ ಇಟ್ಟರು. ಯಾವ ಸೋಂಕಿಗೆ ಯಾವ ಆಂಟಿಬಯಾಟಿಕ್, ಎಷ್ಟು ದಿನ, ಯಾವಾಗ ಕೊಡಲೇಬಾರದು, ಇಂಥವೇ ಪ್ರಶ್ನೆಗಳು. ಬೆಳ್ಳಿಗೂದಲಿನ ಡಾಕ್ಟರುಗಳೂ ಪೆನ್ನು ಕಚ್ಚಿಕೊಂಡು ಚಾವಣಿ ನೋಡಿದರು. ಇವಳಿಗೆ ಮೊದಲ ಸ್ಥಾನ. ವಿಭಾಗದ ಹಿರಿಯ ಡಾಕ್ಟರು, ಕನ್ನಡಕವನ್ನು ಹಣೆಗೇರಿಸಿಕೊಂಡೇ ಅದನ್ನು ಹುಡುಕುವ ಮನುಷ್ಯ, ಎಲ್ಲರೆದುರು ಅವಳ ಬೆನ್ನು ತಟ್ಟಿದರು. ಅವಳಿಗೆ ಹಿಗ್ಗೋ ಹಿಗ್ಗು. ಯಾಕಾಗಬಾರದು? ಗೆದ್ದವರು ಹಿಗ್ಗದೆ ಸೋತವರು ಹಿಗ್ಗುತ್ತಾರೆಯೇ?

ಆ ಹಿಗ್ಗು ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಚಿಕ್ಕಮ್ಮ ಬಂದಳು.

ಚಿಕ್ಕಮ್ಮ ಅಂದರೆ ಅವಳ ಅಮ್ಮನ ಒಡಹುಟ್ಟಿದ ತಂಗಿ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಂಡವಳಲ್ಲ. ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಹಳೆ ಸೋಫಾ, ಕುರ್ಚಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಳು. ಅಂಗಡಿ ತುಂಬ ಹೊಟ್ಟೆ ಬಗೆದ ಸೋಫಾಗಳು, ತೆಂಗಿನ ನಾರು, ಸ್ಪ್ರಿಂಗು, ಬಟ್ಟೆಯ ತುಂಡುಗಳು. ಸ್ಪ್ರಿಂಗನ್ನು ಮೊಣಕಾಲಲ್ಲಿ ಅದುಮಿ ಹಿಡಿದು, ಬಾಯಲ್ಲಿ ದಾರ ಕಚ್ಚಿಕೊಂಡು, ಬಿಲ್ಲಿನ ಹಾಗೆ ಬಾಗಿದ ದಪ್ಪ ಸೂಜಿಯನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿ ತೂರಿಸುತ್ತಿದ್ದಳು. ಅವಳು ಹೊಲಿದ ಸೋಫಾದ ಮೇಲೆ ಮಕ್ಕಳು ವರ್ಷಗಟ್ಟಲೆ ಕುಣಿದರೂ ಒಂದು ಹೊಲಿಗೆ ಬಿಟ್ಟಿದ್ದಿಲ್ಲ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಡಾಕ್ಟರು ಬೆಳೆದದ್ದು ಆ ಅಂಗಡಿಯಲ್ಲೇ, ಮಗ್ಗಿ ಕಲಿತದ್ದು ಸ್ಪ್ರಿಂಗು ಎಣಿಸಿ.

ಆ ಸೂಜಿಯೇ ಒಂದು ದಿನ ಜಾರಿ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಚಿಕ್ಕಮ್ಮ ರಕ್ತ ಚೀಪಿ ಉಗಿದು ಕೆಲಸ ಮುಂದುವರಿಸಿದಳು. ಆಸ್ಪತ್ರೆಗೆ ಬರುವ ಹೊತ್ತಿಗೆ ಅಂಗೈ ಅವಳೇ ತುಂಬಿದ ದಿಂಬಿನ ಹಾಗೆ ಉಬ್ಬಿತ್ತು, ಕೆಂಪು ಬಣ್ಣ ಮಣಿಕಟ್ಟು ದಾಟಿ ಮೇಲೇರುತ್ತಿತ್ತು.

ಜೊತೆಗೆ ಅಮ್ಮ. ಇರಲೇಬೇಕು! ತಂಗಿ ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಅಕ್ಕ ಮುಂದೆ, ಕನ್ನಡಕ ಬದಲಾಯಿಸಲು ಹೋದರೂ ಅಕ್ಕ ಮುಂದೆ. ಎಲ್ಲಿ ಹೋದರೂ ಅಕ್ಕನ ಮೊದಲ ಮಾತು ಒಂದೇ. ಆವತ್ತೂ ತುರ್ತು ವಿಭಾಗದ ಬಾಗಿಲು ಪೂರ್ತಿ ತೆರೆಯುವ ಮೊದಲೇ ಅಮ್ಮನ ಗಂಟಲು ಕೇಳಿತು. "ನೋಡಿ ಮೊದಲೇ ಹೇಳ್ಬಿಡ್ತೀನಿ, ನನ್ನ ತಂಗಿಗೆ ಪೆನಿಸಿಲಿನ್ ಮಾತ್ರ ಆಗಲ್ಲ! ಸಾಯಕ್ಕೆ ಬಿದ್ದಿದ್ಲು ಒಂದ್ಸಲ!" ಏನಾಗಿದೆ, ಎಲ್ಲಿ ನೋವು ಎನ್ನುವುದೆಲ್ಲ ಅದಾದ ಮೇಲೆ.

ಆಮೇಲೆ ಡಾಕ್ಟರು ಓಡಿ ಬಂದಳು. ಚಿಕ್ಕಮ್ಮನ ಕೈ ನೋಡಿ ಅವಳನ್ನು ಮಂಚದ ಮೇಲೆ ಕೂರಿಸಿದಳು. ಡಬ್ಬದಿಂದ ಕೆಂಪು ಪಟ್ಟಿ ತೆಗೆದು, ತಾನೇ, ತನ್ನ ಕೈಯಾರೆ, ಚಿಕ್ಕಮ್ಮನ ಎಡ ಮಣಿಕಟ್ಟಿಗೆ ಟಕ್ಕೆಂದು ಹಾಕಿದಳು. ಒಂದೇ ಒಂದು ಮಾತು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ. ಊರಿಗೆಲ್ಲ ಆಮೇಲೆ ಆಮೇಲೆ ಎಂದು ಜೀವ ಹಿಂಡಿದವಳು! ಆದರೆ ಅವಳ ತಪ್ಪು ಎಂದು ಹೇಗೆ ಹೇಳುವುದು? ಬೆಂಕಿ ಮುಟ್ಟಬೇಡ, ರಸ್ತೆಗೆ ಓಡಬೇಡ, ಚಿಕ್ಕಮ್ಮನಿಗೆ ಪೆನಿಸಿಲಿನ್ ಆಗುವುದಿಲ್ಲ, ಈ ಮೂರನ್ನೂ ಅವಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಸೂರ್ಯ ಪೂರ್ವದಲ್ಲಿ ಹುಟ್ಟುವುದನ್ನು ಯಾರಾದರೂ ಪ್ರಶ್ನೆ ಮಾಡುತ್ತಾರೆಯೇ?

ಚಿಕ್ಕಮ್ಮನನ್ನು ಮೇಲಿನ ವಾರ್ಡಿಗೆ ಸೇರಿಸಿದರು. ಎರಡನೇ ದರ್ಜೆಯ ಔಷಧಿ ನರಕ್ಕೆ ಹನಿಯತೊಡಗಿತು. ಚಿಕ್ಕಮ್ಮ ವಾಂತಿ ಮಾಡಿಕೊಂಡಳು, ಸೊರಗಿದಳು, ಕೈ ಮಾತ್ರ ಇಳಿಯಲೊಲ್ಲದು. ಮಾರನೆಯ ದಿನ ಹೊಟ್ಟೆ ತೊಳಸುವುದು ಹೆಚ್ಚಾಯಿತು, ಊತವೂ ಹೆಚ್ಚಾಯಿತು. ಅದರ ಮರುದಿನ ಬೆಳಿಗ್ಗೆ ಸರ್ಜನ್ ಬಂದು ಕೈಯನ್ನು ಒತ್ತಿ ನೋಡಿ ತುಟಿ ಕಚ್ಚಿದರು.

"ನಾಳೆಯೊಳಗೆ ಇಳೀದೇ ಇದ್ರೆ ಕುಯ್ದು ತೊಳೀಬೇಕಾಗುತ್ತೆ. ಹೆಬ್ಬೆರಳು ಮೊದ್ಲಿನ ಹಾಗೆ ಮಡಚುತ್ತೆ ಅಂತ ಮಾತು ಕೊಡಕ್ಕಾಗಲ್ಲ."

"ಹೆಬ್ಬೆರಳು ಮಡಚ್ದಿದ್ರೆ ನಾನು ಸೂಜಿ ಹಿಡಿಯೋದು ಹೇಗೆ?" ಎಂದಳು ಚಿಕ್ಕಮ್ಮ. ಸರ್ಜನ್ ಪಕ್ಕದ ಮಂಚಕ್ಕೆ ಹೋದರು. ಚಿಕ್ಕಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಸದಾ ಏನಾದರೂ ಒಂದು ತಮಾಷೆ ಮಾಡುತ್ತಿದ್ದ ಹೆಂಗಸು ಅವಳು, ಆ ಬೆನ್ನನ್ನು ನೋಡಲು ಅಲ್ಲೇ ನಿಂತಿದ್ದ ನಮ್ಮ ಡಾಕ್ಟರಿಗೆ ಆಗಲಿಲ್ಲ. ಕೆಳಗಿಳಿದು ತನ್ನ ಪಾಳಿಗೆ ಹೋದಳು.

ಕೆಳಗೆ ಒಬ್ಬ ನಿವೃತ್ತ ಮೇಷ್ಟ್ರು ಕಾದಿದ್ದರು, ಕಿವಿನೋವು. ಬಾಗಿಲಲ್ಲಿ ಯಾವುದೋ ಔಷಧಿ ಒಗ್ಗುವುದಿಲ್ಲ ಎಂದು ಹೇಳಿ ಪಟ್ಟಿ ಹಾಕಿಸಿಕೊಂಡಿದ್ದರು. ಮನಸ್ಸು ಮೇಲಿನ ವಾರ್ಡಿನಲ್ಲಿದ್ದರೂ ಬಾಯಿ ತನ್ನ ಕೆಲಸ ಮಾಡುತ್ತಿತ್ತು. "ಏನಾಗಿತ್ತು? ಆಮೇಲೆ? ಅದಾದ್ಮೇಲೆ?" ಮೇಷ್ಟ್ರಿಗೆ ರೇಗಿಹೋಯಿತು.

"ಕಿವಿ ನೋವು ಅಂತ ಬಂದ್ರೆ ನನ್ನ ಜಾತಕ ಕೇಳ್ತೀರಲ್ರೀ! ನಿಮ್ಮ ಮನೆಯವ್ರನ್ನೂ ಹೀಗೇ ಜೀವ ತಿಂತೀರಾ?"

"ಮನೆಯವ್ರನ್ನಾ?" ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮೇಷ್ಟ್ರ ಕಿವಿಗೆ ಏನು ಬೇಕೋ ಬರೆದುಕೊಟ್ಟು, ಇನ್ನೊಬ್ಬ ಡಾಕ್ಟರಿಗೆ ಜಾಗ ಒಪ್ಪಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದಳು.

ಅಮ್ಮ ವಾರ್ಡಿನಲ್ಲಿ ತಂಗಿಗೆ ಬ್ರೆಡ್ಡು ತಿನ್ನಿಸಲು ಹೆಣಗುತ್ತಿದ್ದಳು.

"ಅಮ್ಮ, ಚಿಕ್ಕಮ್ಮನಿಗೆ ಪೆನಿಸಿಲಿನ್ ಕೊಟ್ಟಾಗ ಏನಾಗಿತ್ತು?"

"ಇದೇನೇ ಇದು, ಹೊಸದಾಗಿ ಕೇಳ್ತಿದೀಯಾ? ಸಾವಿರ ಸಲ ಹೇಳಿಲ್ವಾ?"

"ಇನ್ನೊಂದು ಸಲ ಹೇಳು."

ಈ ಕಥೆ ಹೇಳುವುದೆಂದರೆ ಅಮ್ಮನಿಗೂ ಇಷ್ಟವೇ. ಬ್ರೆಡ್ಡು ಕೆಳಗಿಟ್ಟು, ಸರಿಯಾಗಿ ಕೂತು ಶುರುಮಾಡಿದಳು. ತಂಗಿ ಇನ್ನೂ ಶಾಲೆಗೆ ಸೇರಿರಲಿಲ್ಲ. ನೆಗಡಿ, ಕೆಮ್ಮು, ಕೆಂಡದಂಥ ಜ್ವರ. ಬೀದಿ ತುದಿಯ ಡಾಕ್ಟರು ಪೆನಿಸಿಲಿನ್ ಸಿರಪ್ಪು ಕೊಟ್ಟರು. ಕುಡಿಸಿದ ಮಾರನೇ ದಿನ ಕಿವಿ ಹಿಂದೆ ಕೆಂಪು, ಮುಖ ಕೆಂಪು, ನೋಡನೋಡುತ್ತ ಮೈಯೆಲ್ಲ ಕೆಂಪು! ಅಪ್ಪನಿಗೆ ಸಿಟ್ಟು ನೆತ್ತಿಗೇರಿ, ಬಾಟಲಿಯನ್ನು ಕಿಟಕಿಯಿಂದ ಆಚೆ ಎಸೆದರು. ಅದು ಹೋಗಿ ಬಿದ್ದದ್ದು ಸೈಕಲ್ಲಿನಲ್ಲಿ ಹೋಗುತ್ತಿದ್ದ ಅದೇ ಡಾಕ್ಟರ ಮುಂದೆ!

ಇಲ್ಲಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗಬೇಕು. ಆ ಮನೆಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಬಾಟಲಿ ಬಿದ್ದಲ್ಲಿಗೆ ನಗು, ನಗುವಿನಲ್ಲಿ ಕಥೆ ಮುಕ್ತಾಯ. ನಗು ಮುಗಿದ ಮೇಲೆ ಏನಾಯಿತು ಎಂದು ಇಷ್ಟು ವರ್ಷ ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

"ಆಮೇಲೆ?" ಎಂದಳು ಮಗಳು.

"ಆಮೇಲೇನು? ಇವಳು ಎದ್ದು ಓಡಾಡಿದ್ಲು. ನಾನು ಮಲಗಿದೆ."

"ನೀನ್ಯಾಕೆ ಮಲಗಿದೆ?"

"ಜ್ವರ ಕಣೇ. ಅದೊಂದು ಬೇರೆ ಕಥೆ. ಶಾಲೆ ನಾಟಕದಲ್ಲಿ ನಾನೇ ರಾಣಿ. ಮಾತೆಲ್ಲ ಬಾಯಿಪಾಠ. ಸರಿಯಾಗಿ ಅದೇ ಹೊತ್ತಿಗೆ ವಕ್ಕರಿಸ್ಬೇಕಾ ಜ್ವರ? ನನ್ನ ಪಾತ್ರ ಎದುರುಮನೆ ಹುಡುಗಿ ಪಾಲಾಯ್ತು."

"ಬರೀ ಜ್ವರಾನಾ?"

"ಬರೀ ಜ್ವರ ಆಗಿದ್ರೆ ಹೇಗೋ ಹೋಗಿ ಮಾಡ್ಬಿಡ್ತಿದ್ದೆ. ಮುಖವೆಲ್ಲ ಕೆಂಪು ಗುಳ್ಳೆ, ಕಣ್ಣು ಉರಿ. ಹಾಗೆ ಹೋದ್ರೆ ರಾಣಿ ಅಂತಾರಾ ರಾಕ್ಷಸಿ ಅಂತಾರಾ?"

"ನೀನೂ ಆ ಸಿರಪ್ ಕುಡಿದಿದ್ದೆಯಾ?"

"ತಲೆ ನೆಟ್ಟಗಿದೆಯಾ ನಿನಗೆ? ಅಪ್ಪ ಎಸೆದಾಗಿತ್ತಲ್ಲ!"

"ಎದುರುಮನೆ ಹುಡುಗಿಗೆ?"

"ಅವಳಿಗೂ ಬಂತು, ನಾಟಕ ಮುಗಿದ್ಮೇಲೆ. ಅವಳ ತಮ್ಮನಿಗೂ. ನಿಜ ಹೇಳ್ತೀನಿ, ನನಗೆ ಒಳಗೊಳಗೇ ಖುಷಿಯಾಗಿತ್ತು."

ಮಗಳು ಅಮ್ಮನ ಮುಖ ನೋಡಿದಳು. ಅಮ್ಮನ ಬಾಯಿ ನಿಧಾನವಾಗಿ ಮುಚ್ಚಿತು. ಗೋಡೆ ಕಡೆ ತಿರುಗಿ ಮಲಗಿದ್ದ ಚಿಕ್ಕಮ್ಮನ ಭುಜ ಮೊದಲು ಅಲುಗಿತು. ಆಮೇಲೆ ಅವಳು ಈ ಕಡೆ ತಿರುಗಿದಳು, ನೋವಿನಲ್ಲೂ ನಗು ತಡೆಯಲಾಗದೆ.

"ಅಕ್ಕಾ, ನೀನು ಬಾಟಲಿ ನೋಡೇ ಕೆಂಪಾದ್ಯೇನೇ?"

ದಡಾರ! ಬೀದಿ ಮಕ್ಕಳಿಗೆಲ್ಲ ಸಾಲಾಗಿ ಬಂದ ದಡಾರ. ಅದು ಬರುವ ರೀತಿಯೇ ಹಾಗೆ, ಮೊದಲು ನೆಗಡಿ ಕೆಮ್ಮು ಜ್ವರ, ಆಮೇಲೆ ಕಿವಿಯ ಹಿಂದಿನಿಂದ ಕೆಂಪು. ಸಿರಪ್ಪು ಪಾಪ ನಡುವೆ ಸಿಕ್ಕಿಹಾಕಿಕೊಂಡಿತ್ತು. ಆ ಔಷಧಿ ಮಾಡದ ತಪ್ಪಿಗೆ ಇಷ್ಟು ವರ್ಷ ಚಿಕ್ಕಮ್ಮ ಅದನ್ನು ಮನೆಯಿಂದಾಚೆ ನಿಲ್ಲಿಸಿದ್ದಳು.

ಅಮ್ಮ ಸುಲಭಕ್ಕೆ ಬಗ್ಗುವವಳಲ್ಲ. "ನೀನು ಏನೇ ಹೇಳು, ಬೇಡ ಅಂದ್ರೆ ಬೇಡ. ನಿನ್ನ ಪರೀಕ್ಷೆಗೆ ನನ್ನ ತಂಗೀನೇ ಬೇಕಾ? ಅವಳಿಗೇನಾದ್ರೂ ಆದ್ರೆ ಇನ್ಮೇಲೆ ನನ್ನನ್ನ ಅಮ್ಮ ಅಂತ ಕರೀಬೇಡ."

ಈ ಮಾತು ಮಗಳ ಎದೆಗೆ ನಾಟಿತು. ಪುಸ್ತಕದ ಪ್ರಕಾರ ಅಪಾಯ ತೀರ ಕಡಿಮೆ, ಅದು ಅವಳಿಗೆ ಚೆನ್ನಾಗಿ ಗೊತ್ತು, ಪರೀಕ್ಷೆಯಲ್ಲಿ ಬರೆದು ಬೆನ್ನೂ ತಟ್ಟಿಸಿಕೊಂಡಿದ್ದಾಳೆ. ಆದರೆ ಮಲಗಿರುವುದು ಪುಸ್ತಕವಲ್ಲ, ಚಿಕ್ಕಮ್ಮ. ಅವಳಿಗೆ ಹೆದರಿಕೆಯಾಯಿತು, ಸುಳ್ಳೇಕೆ?

ಹಿರಿಯ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಪೂರ್ತಿ ಕೇಳಿ, ರಾಣಿ ಪಾತ್ರದ ಜಾಗದಲ್ಲಿ ಸಣ್ಣಗೆ ನಕ್ಕು, ಹೇಳಿದರು: "ನೀನು ಹೇಳ್ತಿರೋದು ಸರಿ. ಸ್ವಲ್ಪವೇ ಕೊಟ್ಟು, ಎದುರಿಗೇ ಕೂತು ನೋಡೋಣ. ತೊಂದರೆ ಬಂದ್ರೆ ನಿಭಾಯಿಸಕ್ಕೆ ಎಲ್ಲಾ ರೆಡಿ ಇಟ್ಕೊಂಡಿರೋಣ. ಆದ್ರೆ ಕೊಡೋದು ನಾನು. ನೀನು ಈಗ ಡಾಕ್ಟರಲ್ಲ, ಅಕ್ಕನ ಮಗಳು. ಹೋಗಿ ನೆಂಟರ ಕುರ್ಚಿ ಮೇಲೆ ಕೂತ್ಕೋ."

ಅಮ್ಮನನ್ನು ಒಪ್ಪಿಸಿದ್ದು ಚಿಕ್ಕಮ್ಮನೇ. "ಕೈ ನಂದು ತಾನೇ ಅಕ್ಕ? ಕುಯ್ಸಿಕೊಂಡು ಅಂಗಡಿ ಮುಚ್ಚೋದಕ್ಕಿಂತ ಒಂದು ಮಾತ್ರೆ ನುಂಗಿ ನೋಡೋದು ವಾಸಿ ಅಲ್ವಾ? ಕೊಡ್ಲಿ ಬಿಡು."

ಕೊಟ್ಟರು. ಊಟವಾದ ಮೇಲಿನ ಹೊತ್ತು, ಕಿಟಕಿಯಿಂದ ಬಿಸಿಲು ಚಿಕ್ಕಮ್ಮನ ಹೊದಿಕೆಯ ಮೇಲೆ ಬಿದ್ದಿತ್ತು. ಹಿರಿಯ ಡಾಕ್ಟರು ಒಂದು ಪಕ್ಕ, ಸೂಜಿಮದ್ದು ಸಿದ್ಧ ಮಾಡಿಕೊಂಡ ನರ್ಸು ಇನ್ನೊಂದು ಪಕ್ಕ. ಅಮ್ಮ ತಂಗಿಯ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಳು. ಮಗಳು ನೆಂಟರ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಆರಾಮವಾಗಿದ್ದವಳು ಚಿಕ್ಕಮ್ಮ ಒಬ್ಬಳೇ.

"ಹೀಗೆ ನೋಡಿದ್ರೆ ಔಷಧಿ ಬಿಟ್ಟು ನಿನಗೇ ಹೆದರಿ ಕೆಂಪಾಗ್ತೀನಿ ನಾನು" ಎಂದಳು.

"ಬಾಯಿ ಮುಚ್ಕೊಂಡು ಮಲಕ್ಕೋ."

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನ ಎಡಗೈ ಮೆಲ್ಲಗೆ ಮೇಲೆದ್ದು ಕತ್ತು ಕೆರೆಯಿತು. ಅಮ್ಮ ಚೀರಿದಳು. ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. ಹಿರಿಯ ಡಾಕ್ಟರು ಹಣೆಯ ಕನ್ನಡಕ ಕೆಳಗಿಳಿಸಿ, ಬಗ್ಗಿ ಕತ್ತು ನೋಡಿದರು. ಆ ಕಡೆ ತಿರುಗಿಸಿ ನೋಡಿದರು, ಈ ಕಡೆ ತಿರುಗಿಸಿ ನೋಡಿದರು.

"ಬ್ರೆಡ್ಡಿನ ಪುಡಿ" ಎಂದರು.

ಬೆಳಿಗ್ಗೆ ಅಮ್ಮನೇ ಬಲವಂತ ಮಾಡಿ ತಿನ್ನಿಸಿದ್ದು! ನರ್ಸು ಅತ್ತ ತಿರುಗಿ ನಕ್ಕಳು. ಅಮ್ಮ ಮಾತ್ರ ನಗದೆ, ಆ ಪುಡಿಯನ್ನು ಒಂದೊಂದಾಗಿ ಒರೆಸಿ ತೆಗೆದಳು.

ಏನೂ ಆಗಲಿಲ್ಲ. ಕಾದದ್ದೇ ಬಂತು. ಸಂಜೆಯ ಹೊತ್ತಿಗೆ ಸರಿಯಾದ ಔಷಧಿ ಸರಿಯಾದ ಪ್ರಮಾಣದಲ್ಲಿ ನರಕ್ಕೆ ಹೋಗತೊಡಗಿತು. ಮರುದಿನ ಮಧ್ಯಾಹ್ನ ಸರ್ಜನ್ ಬಂದಾಗ ಕೆಂಪು ಬಣ್ಣ ಮಣಿಕಟ್ಟಿನಿಂದ ಹಿಂದೆ ಸರಿದಿತ್ತು, ಅಂಗೈಯಲ್ಲಿ ಗೆರೆಗಳು ಮತ್ತೆ ಕಾಣುತ್ತಿದ್ದವು. "ನನಗಿಲ್ಲಿ ಕೆಲಸ ಇಲ್ಲ" ಎಂದು ಅವರು ಕೈ ಒರೆಸಿಕೊಂಡು ಹೊರಟರು. ಚಿಕ್ಕಮ್ಮ ಹೆಬ್ಬೆರಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಸುತ್ತಲಿನ ರೋಗಿಗಳಿಗೆಲ್ಲ ತೋರಿಸಿದಳು.

ಮನೆಗೆ ಹೋಗುವ ದಿನ ನರ್ಸು ಕತ್ತರಿ ತಂದು ಕೆಂಪು ಪಟ್ಟಿಯನ್ನು ಕಚಕ್ಕೆಂದು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ಡಾಕ್ಟರಿಗೆ ಹಬ್ಬದಷ್ಟು ಖುಷಿ. ತಿರುಗಿ ನೋಡಿದರೆ ಅಮ್ಮನ ಮುಖ ಸಪ್ಪಗಿತ್ತು. ಹೊರಗೆ ಕಾರಿಡಾರಿಗೆ ಕರೆದುಕೊಂಡು ಹೋಗಿ ಏನಾಯಿತಮ್ಮಾ ಎಂದು ಕೇಳಿದಳು.

"ಜೀವಮಾನವೆಲ್ಲ ಬಾಯಿ ಬಡ್ಕೊಂಡೆ. ಕಂಡಕಂಡ ಡಾಕ್ಟ್ರ ಹತ್ರ ಜಗಳ ಆಡ್ದೆ. ಅವಳನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ ಕಣೇ. ನೋಡಿದ್ರೆ ಒಳ್ಳೇ ಔಷಧಿ ಸಿಗ್ದ ಹಾಗೆ ಅಡ್ಡ ನಿಂತಿದ್ದು ನಾನೇ."

"ನೀನು ಹೇಳ್ದೆ. ಆಮೇಲೇನಾಯ್ತು ಅಂತ ಒಬ್ಬ ಡಾಕ್ಟರಾದ್ರೂ ಕೇಳಿದ್ರಾ ಅಮ್ಮ? ನಾನಾದ್ರೂ ಕೇಳಿದ್ನಾ?"

ಅಮ್ಮ ಮೂಗು ಒರೆಸಿಕೊಂಡು ಒಳಗೆ ಹೋದಳು. ತಂಗಿಯ ಬಟ್ಟೆ, ಬಾಚಣಿಗೆ, ಲೋಟ, ಎಲ್ಲ ಚೀಲಕ್ಕೆ ತುಂಬಿದಳು. ತುಂಬುತ್ತ, ಯಾರನ್ನೂ ನೋಡದೆ ಹೇಳಿದಳು: "ಮುಂದಿನ ವಾರ ಕೈ ತೋರಿಸಕ್ಕೆ ಬರ್ಬೇಕಂತೆ. ಇನ್ನು ನಾನ್ಯಾಕೆ ಬರ್ಲಿ? ಹೇಳೋಕೆ ಏನೂ ಉಳೀಲಿಲ್ಲವಲ್ಲ. ನೀನೇ ಬಸ್ ಹತ್ಕೊಂಡು ಬಂದು ತೋರಿಸ್ಕೊಂಡು ಹೋಗು."

ಮಂಚದ ಅಂಚಿನಲ್ಲಿ ಕೂತು ಹೆಬ್ಬೆರಳು ಆಡಿಸುತ್ತಿದ್ದ ಚಿಕ್ಕಮ್ಮ ಹಾಗೇ ನಿಲ್ಲಿಸಿದಳು. ಸರ್ಜನ್ ಕುಯ್ಯಬೇಕು ಎಂದ ದಿನ ಗೋಡೆ ಕಡೆ ತಿರುಗಿದವಳ ಮುಖ ಹೇಗಿತ್ತೋ ಯಾರೂ ನೋಡಿರಲಿಲ್ಲ. ಈಗಿನದನ್ನು ಇಬ್ಬರೂ ನೋಡಿದರು.

"ಒಬ್ಳೇನಾ?" ಎಂದಳು.

ಅಮ್ಮ ಚೀಲದ ಜಿಪ್ಪು ಎಳೆಯುತ್ತಿದ್ದಳು.

"ಆ ಔಷಧಿ ನನಗೆ ಒಗ್ಗುತ್ತೋ ಇಲ್ವೋ ಅಂತ ನಾನ್ಯಾವತ್ತೂ ತಲೆ ಕೆಡಿಸ್ಕೊಳ್ಳಲಿಲ್ಲ ಅಕ್ಕ" ಎಂದಳು ಚಿಕ್ಕಮ್ಮ. "ಅದೊಂದು ಇದ್ದಿದ್ದಕ್ಕೆ ತಾನೇ ನೀನು ಎಲ್ಲಾ ಕೆಲಸ ಬಿಟ್ಟು ನನ್ನ ಜೊತೆ ಬರ್ತಿದ್ದೆ? ಅದಕ್ಕೆ, ಇರ್ಲಿ ಬಿಡು ಅಂತ ಸುಮ್ನಿದ್ದೆ."

ಜಿಪ್ಪು ಎಲ್ಲೋ ಬಟ್ಟೆಗೆ ಸಿಕ್ಕಿಕೊಂಡಿತ್ತು. ಅಮ್ಮ ಅದನ್ನು ಬಿಡಿಸುವುದರಲ್ಲೇ ಬಹಳ ಹೊತ್ತು ಕಳೆದಳು. ಕೊನೆಗೆ ತಲೆ ಎತ್ತದೆ, ಮಗಳನ್ನು ಗದರುವ ದನಿಯಲ್ಲಿ ಕೇಳಿದಳು.

"ಎಷ್ಟು ಗಂಟೆಗೆ ಬರಕ್ಕೆ ಹೇಳಿದಾರೆ?"

"ಹತ್ತಕ್ಕೆ ಅಮ್ಮ."

"ಒಂಬತ್ತಕ್ಕೇ ಅಂಗಡಿ ಹತ್ರ ಬರ್ತೀನಿ" ಎಂದಳು ತಂಗಿಗೆ. "ರೆಡಿಯಾಗಿ ನಿಂತಿರು. ನನ್ನ ಕಾಯಿಸ್ಬೇಡ."